ನನ್ನ ಮನೆಪಾಠವೂ ಅತ್ತೆಯ ಹೊಸ ಹಲ್ಲೂ

ನಮ್ಮ ಮಗಳನ್ನು ಶಾಲೆಗೆ ಕಳಿಸುವ ಅಗತ್ಯವೇ ಇಲ್ಲ ಅಂತ ಒಂದು ಬೆಳಗ್ಗೆ ನಾನು ಘೋಷಿಸಿಬಿಟ್ಟೆ. ಅಂತಿಂಥ ಘೋಷಣೆಯಲ್ಲ. ಕಾಫಿ ಲೋಟ ಮೇಜಿನ ಮೇಲೆ ಕುಕ್ಕಿ, ಎದ್ದು ನಿಂತು, ಎದೆ ಉಬ್ಬಿಸಿ ಮಾಡಿದ ಘೋಷಣೆ. ಮಗಳಿಗೆ ನಾಲ್ಕು ವರ್ಷ. ಹೆಸರು ಏನೋ ಉದ್ದಕ್ಕಿದೆ, ಆದರೆ ಅದನ್ನು ಪೂರ್ತಿ ಕೂಗಿ ಮುಗಿಸುವಷ್ಟು ಹೊತ್ತು ಅವಳು ಒಂದು ಕಡೆ ನಿಂತವಳಲ್ಲ. ಹಾಗಾಗಿ ಮನೆಯವರಿಗೆಲ್ಲ ಅವಳು ಬುಗುರಿ.

“ಇನ್ನೊಂದು ವರ್ಷ ಬುಗುರಿ ಮನೇಲೇ ಕಲೀಲಿ. ಆಟ ಆಡ್ಕೊಂಡು, ಮನೆಕೆಲಸ ನೋಡ್ಕೊಂಡು. ಮೇಷ್ಟ್ರು ನಾನೇ,” ಅಂದೆ.

ಹೆಂಡತಿ ತಲೆ ಎತ್ತಲಿಲ್ಲ. ಅವಳ ಕೈಯಲ್ಲಿ ಯಾರದೋ ಕೆಳದವಡೆ ಇತ್ತು.

ಗಾಬರಿಯಾಗಬೇಡಿ. ಅವಳು ಹಲ್ಲಿನ ಸೆಟ್ಟು ಮಾಡುವವಳು. ಹಲ್ಲು ಡಾಕ್ಟರುಗಳು ಬೊಚ್ಚುಬಾಯಿಯವರ ಅಳತೆ ತೆಗೆದು ಕಳಿಸುತ್ತಾರೆ. ಇವಳು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಮೇಲಿನ ಸಾಲು ಕೆಳಗಿನ ಸಾಲು ಕಟ್ಟಿ, ಉಜ್ಜಿ, ಹೊಳಪು ಕೊಟ್ಟು, ಬಟ್ಟಲಲ್ಲಿಟ್ಟು ಕೊಡುತ್ತಾಳೆ. ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಜನ ಹಲ್ಲು ಬಿಟ್ಟು ನಗುವ ಹಾಗೆ ಮಾಡೋದು ಅವಳ ಕೆಲಸ, ಹಲ್ಲು ಕಚ್ಚಿಕೊಂಡು ಪಕ್ಕದ ಸೀಟಿನಲ್ಲಿ ಕೂರೋದು ನನ್ನ ಕೆಲಸ.

“ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲದ ದೊಡ್ಡ ದೊಡ್ಡವರಿಗೇ ಕಲಿಸ್ತೀನಿ. ನಾಲ್ಕು ವರ್ಷದ ಮಗು ಯಾವ ಲೆಕ್ಕ? ಹಾಡ್ತಾ ಹಾಡ್ತಾ ರಾಗ ಅಂತ ಗಾದೇನೇ ಇದೆ.”

“ಆ ಗಾದೆಗೆ ಇನ್ನರ್ಧ ಇದೆ ಕಣ್ರೀ. ನರಳ್ತಾ ನರಳ್ತಾ ರೋಗ. ಅದೂ ನೆನಪಿರಲಿ.”

ಆದರೂ ಅವಳು ಬೇಡ ಅನ್ನಲಿಲ್ಲ. ಒಂದು ಒಪ್ಪಂದಕ್ಕೆ ಬಂದಳು. ಒಂದು ತಿಂಗಳು ನನ್ನ ಮನೆಪಾಠ. ತಿಂಗಳ ಕೊನೆಗೆ ಅವಳ ಅಮ್ಮ, ಅಂದರೆ ನನ್ನ ಅತ್ತೆ, ಬಂದು ಮಗುವನ್ನು ಪರೀಕ್ಷೆ ಮಾಡಬೇಕು. ಅತ್ತೆ ಹೂಂ ಅಂದರೆ ಮನೆ, ಊಹೂಂ ಅಂದರೆ ಶಾಲೆ. ಶಾಲೆಗೆ ಸೇರಿಸಲು ಕೊನೆಯ ದಿನ ಅದರ ಮಾರನೆಯ ದಿನವೇ.

ನಮ್ಮತ್ತೆ ಚಿಕ್ಕ ಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಇವತ್ತಿಗೂ ಅವರು ಒಂದು ಸಲ ಕೆಮ್ಮಿದರೆ ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಸಾಲದ್ದಕ್ಕೆ ಅವರ ಹಳೇ ಹಲ್ಲಿನ ಸೆಟ್ಟು ತೊಳೆಯುವಾಗ ಕೈಜಾರಿ ಎರಡು ಹೋಳಾಗಿತ್ತು. ಹೊಸದು ಬರುವವರೆಗೆ ಮೆತ್ತಗೆ ಬೇಯಿಸಿದ್ದೇ ಗತಿ. ಎದುರಿಗೆ ಯಾರಾದರೂ ಸೇಬು ಕಚ್ಚಿದರೆ ಅವರ ಕಣ್ಣು ಕೆಂಪಾಗುತ್ತಿತ್ತು. ಅಂಥ ಹೊತ್ತಲ್ಲಿ ಅವರು ಪರೀಕ್ಷಕರು, ನಾನು ಅಭ್ಯರ್ಥಿ.

ಇರಲಿ, ನಾನು ಹೆದರುವವನೇ? ಮೊದಲ ದಿನವೇ ಡ್ರೈವಿಂಗ್ ಶಾಲೆಯಿಂದ ಅಂಟಿಸುವ ಎಲ್ ಬೋರ್ಡಿನ ಕಾಗದ ಒಂದನ್ನು ತಂದು ಬುಗುರಿಯ ಮೂರು ಗಾಲಿ ಸೈಕಲ್ಲಿನ ಹಿಂದೆ ಹಚ್ಚಿದೆ. ಬಿಳಿ ಕಾಗದದ ಮೇಲೆ ದಪ್ಪ ಕೆಂಪು ಅಕ್ಷರ.

“ಇದ್ಯಾಕಪ್ಪಾ?”

“ಇನ್ನೂ ಕಲೀತಾ ಇರೋರಿಗೆ ಹಾಕೋದು ಪುಟ್ಟಾ. ನೋಡಿದೋರು ತಾಳ್ಮೆಯಿಂದ ದಾರಿ ಬಿಡ್ತಾರೆ.”

“ಕಲಿತ ಮೇಲೆ?”

“ಕಿತ್ತು ಬೇರೆ ಕಲಿಯೋರಿಗೆ ಹಾಕೋದು.”

ಅವಳು ಗಂಭೀರವಾಗಿ ತಲೆಯಾಡಿಸಿದಳು. ಈ ಮಗು ಹೇಳಿದ್ದನ್ನೆಲ್ಲ ಎಷ್ಟು ಬೇಗ ಹಿಡಿಯುತ್ತೆ ಅಂತ ನಾನು ಉಬ್ಬಿಹೋದೆ. ಹಿಡಿದದ್ದನ್ನು ಬಿಡುವುದಿಲ್ಲ ಅನ್ನುವ ಕಡೆ ನನ್ನ ಗಮನ ಹೋಗಲಿಲ್ಲ.

ಮೊದಲ ವಾರ ರಸ್ತೆ ನಿಯಮ. ಬಣ್ಣ ಕಲಿಸಿದ ಹಾಗೂ ಆಯ್ತು, ಶಿಸ್ತು ಕಲಿಸಿದ ಹಾಗೂ ಆಯ್ತು. ಕೆಂಪು ಕರವಸ್ತ್ರ ತೋರಿಸಿದರೆ ನಿಲ್ಲಬೇಕು, ಹಸಿರು ತೋರಿಸಿದರೆ ಹೋಗಬೇಕು. ಎರಡೇ ದಿನದಲ್ಲಿ ಬುಗುರಿ ಅಡುಗೆಮನೆ ಬಾಗಿಲಲ್ಲಿ ಕೆಂಪು ಹಿಡಿದು ನಿಂತಳು. ಒಳಗೆ ಹೆಂಡತಿ ಬಿಸಿ ಪಾತ್ರೆ ಇಕ್ಕಳದಲ್ಲಿ ಹಿಡಿದು, ಒಂಟಿಕಾಲಲ್ಲಿ ಕುಣಿಯುತ್ತಾ, “ರೀ, ಈ ಪೊಲೀಸಮ್ಮನಿಗೆ ಹಸಿರು ತೋರ್ಸೋಕೆ ಹೇಳಿ,” ಅಂತ ಕೂಗುತ್ತಿದ್ದಳು. ಪಾಠ ಎಷ್ಟು ನಾಟಿದೆ ನೋಡು ಅಂತ ನಾನು ಹೆಮ್ಮೆಯಿಂದ ಹೇಳಿದೆ. ಅವಳು ಪಾತ್ರೆ ಇಳಿಸಿದ ಮೇಲೆ ಕೊಟ್ಟ ಉತ್ತರ ಇಲ್ಲಿ ಬೇಡ.

ಎರಡನೇ ವಾರ ಒಳ್ಳೆಯ ಅಭ್ಯಾಸಗಳು. ಎದ್ದ ತಕ್ಷಣ ಏನು ಮಾಡಬೇಕು? ಹಲ್ಲುಜ್ಜಬೇಕು. ಹಲ್ಲು ಅಂತ ಇದ್ದರೆ ಅದನ್ನು ಉಜ್ಜಲೇಬೇಕು ಅಂತ ಹೇಳಿಕೊಟ್ಟೆ. ಬುಗುರಿ ತನ್ನದು ಉಜ್ಜಿದಳು, ಗೊಂಬೆಯದು ಉಜ್ಜಿದಳು, ಬಾಚಣಿಗೆಗೂ ಹಲ್ಲಿದೆ ಅಂತ ಕಂಡುಹಿಡಿದು ಅದನ್ನೂ ಉಜ್ಜಿದಳು. ನನಗೆ ಕಣ್ಣು ತುಂಬಿ ಬಂತು.

ಮೂರನೇ ವಾರದಿಂದ ನನ್ನ ಬ್ರಹ್ಮಾಸ್ತ್ರ. ವಿಂಗಡಣೆ. ‘ಒಂದೇ ಥರದ್ದು ಒಂದೇ ಕಡೆ’ ಅನ್ನುವುದು ನಮ್ಮ ಮಂತ್ರ. ಚಮಚ ಚಮಚದ ಜೊತೆ, ಮುಚ್ಚಳ ಮುಚ್ಚಳದ ಜೊತೆ. ಬುಗುರಿ ಮನೆಯ ಚಪ್ಪಲಿಗಳನ್ನೆಲ್ಲ ಬಿಡಿಸಿ, ಎಡಗಾಲಿನವು ಬಾಗಿಲ ಈ ಕಡೆ, ಬಲಗಾಲಿನವು ಆ ಕಡೆ ಸಾಲಾಗಿ ಜೋಡಿಸಿದಳು. ಅವಸರದಲ್ಲಿ ಹೆಂಡತಿ ಎರಡೂ ಎಡಗಾಲಿನ ಚಪ್ಪಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ ಬಂದಳು.

“ಇದಕ್ಕೊಂದು ಕೊನೆ ಹೇಳಿ. ನಿಮ್ಮ ಕಾರಲ್ಲಾದ್ರೆ ನಿಮ್ಮ ಕಾಲಡೀಲೂ ಒಂದು ಬ್ರೇಕ್ ಇರುತ್ತೆ. ಈ ಮಗೂಗೆ ಬ್ರೇಕ್ ಎಲ್ಲಿದೆ?” ಅಂದಳು.

“ಕಲಿಯೋ ಮಗುವಿಗೆ ಬ್ರೇಕ್ ಯಾಕೆ? ವೇಗ ಸಾಕು,” ಅಂದೆ.

ನೀವು ನಗುತ್ತಿದ್ದೀರಿ, ಗೊತ್ತು. ಆದರೆ ಒಂದು ನಿಜ ಹೇಳಿಬಿಡುತ್ತೇನೆ. ಈ ಪಾಠ ಗೀಠ ಎಲ್ಲ ಅರ್ಧ ನೆಪ. ಕಾರು ಕಲಿಯುವವರು ಬರುವುದು ಆಫೀಸಿಗೆ ಮುಂಚೆ, ಇಲ್ಲ ಆಫೀಸು ಬಿಟ್ಟ ಮೇಲೆ. ನಾನು ಬೆಳಗ್ಗೆ ಹೊರಡುವಾಗ ಬುಗುರಿ ಎದ್ದಿರುವುದಿಲ್ಲ, ರಾತ್ರಿ ಬರುವಾಗ ತೂಕಡಿಸುತ್ತಿರುತ್ತಾಳೆ. ನನಗೆ ಅವಳು ಸಿಗುವುದೇ ಹಗಲು ಹೊತ್ತು. ಆ ಹಗಲನ್ನು ಶಾಲೆಗೆ ಕೊಟ್ಟರೆ ನನಗೆ ಉಳಿಯುವುದು ಮಲಗಿದ ಮಗು. ಹೇಗಿದ್ದರೂ ಒಂದು ದಿನ ಕೊಡಲೇಬೇಕು, ಇನ್ನೊಂದು ವರ್ಷ ತಡೆದು ಕೊಡೋಣ ಅಂತ ನನ್ನ ಆಸೆ. ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಪರೀಕ್ಷೆಯ ದಿನ ಬಂತು. ಅತ್ತೆ ನಾಲ್ಕು ಗಂಟೆಗೆ ಬರುವವರು. ಮಧ್ಯಾಹ್ನ ಹೆಂಡತಿ ಸಾಮಾನು ತರಲು ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು.

“ರೀ, ಹಿಂದಿನ ಕೋಣೇಲಿ ಆರು ಸೆಟ್ಟು ರೆಡಿ ಇದೆ. ಐದು ಡಾಕ್ಟರದ್ದು, ಸಂಜೆ ಅವರ ಕಡೆಯವರು ಬರ್ತಾರೆ. ಇನ್ನೊಂದು ಅಮ್ಮಂದು. ಒಂದೊಂದು ಬಟ್ಟಲ ಮೇಲೂ ಹೆಸರಿದೆ. ಆ ಬಾಗಿಲು ಮಾತ್ರ ತೆಗೀಬೇಡಿ.”

“ನನ್ನನ್ನ ಏನಂದ್ಕೊಂಡಿದೀಯಾ?”

“ಅದನ್ನ ಆಮೇಲೆ ಹೇಳ್ತೀನಿ,” ಅಂತ ಹೋದಳು.

ನಾನು ಬುಗುರಿಯನ್ನು ಕೂರಿಸಿಕೊಂಡು ಕೊನೆಯ ಸಲ ಪಾಠ ಒಪ್ಪಿಸಿಕೊಂಡೆ. ಬಣ್ಣ ಹೇಳಿದಳು, ಎಣಿಸಿದಳು. “ಒಂದೇ ಥರದ್ದು?” ಅಂದರೆ “ಒಂದೇ ಕಡೆ!” ಅಂದಳು. “ಭೇಷ್. ಈಗ ಮನೇಲಿ ಎಲ್ಲೆಲ್ಲಿ ಬೆರಕೆಯಾಗಿದೆಯೋ ಹುಡುಕಿ ಸರಿಮಾಡು, ಅಜ್ಜಿಗೆ ತೋರಿಸೋಣ,” ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು, ಬೇರೆಯವರ ಮೇಲೆ ಹಾಕುವ ಹಾಗಿಲ್ಲ.

ಅಷ್ಟರಲ್ಲಿ ಫೋನು. ನನ್ನ ಹತ್ತಿರ ಕಾರು ಕಲಿಯುತ್ತಿರುವ ಬ್ಯಾಂಕಿನ ಮೇಡಂ. ನಾನು ಬೇಡ ಅಂದರೂ ಕೇಳದೆ ಗಂಡನ ಕಾರು ತೆಗೆದುಕೊಂಡು ಹೋಗಿ, ಎರಡು ಕಾರಿನ ನಡುವೆ ಅಡ್ಡಡ್ಡ ಸಿಕ್ಕಿಕೊಂಡಿದ್ದರು.

“ಸರ್, ಹಿಂದೆ ಹೋದ್ರೆ ಒಂದು ಕಾರು, ಮುಂದೆ ಹೋದ್ರೆ ಒಂದು ಕಾರು.”

“ಗಾಬರಿ ಬೇಡ ಮೇಡಂ. ಸ್ಟೀರಿಂಗ್ ಎಡಕ್ಕೆ ತಿರುಗಿಸಿ. ಇನ್ನೂ. ಅದೇನು ಸದ್ದು?”

“ವೈಪರ್ ಸರ್.”

ಅವರನ್ನು ಅಲ್ಲಿಂದ ಈಚೆ ತರುವಷ್ಟರಲ್ಲಿ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಸೋತುಹೋಗಿತ್ತು. ಫೋನ್ ಇಟ್ಟಾಗ ಮನೆ ಸದ್ದಿಲ್ಲದೆ ಇತ್ತು. ಮಕ್ಕಳಿರುವ ಮನೆ ಸದ್ದಿಲ್ಲದೆ ಇದ್ದರೆ ಏನರ್ಥ ಅಂತ ಮಕ್ಕಳಿದ್ದವರಿಗೆ ಗೊತ್ತು. ಓಡಿದೆ.

ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಬುಗುರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆರು ಬಟ್ಟಲೂ ಖಾಲಿ. ಬಚ್ಚಲಿನ ಮಗ್ಗಿನಲ್ಲಿ ಮೇಲಿನ ಸಾಲುಗಳೆಲ್ಲ ಇದ್ದವು. ನನ್ನ ಊಟದ ಡಬ್ಬಿಯಲ್ಲಿ ಕೆಳಗಿನ ಸಾಲುಗಳೆಲ್ಲ ಇದ್ದವು. ಹನ್ನೆರಡೂ ನನ್ನ ಕಡೆ ನೋಡಿ ನಗುತ್ತಿದ್ದವು.

“ಒಂದೇ ಥರದ್ದು ಒಂದೇ ಕಡೆ ಅಪ್ಪಾ. ಎಲ್ಲಾ ಬೆರಕೆಯಾಗಿತ್ತು,” ಅಂದಳು.

ನಾನು ಬಗ್ಗಿ ಮಗ್ಗಿನೊಳಗೊಮ್ಮೆ, ಡಬ್ಬಿಯೊಳಗೊಮ್ಮೆ ನೋಡಿದೆ. ಅವಳಿಗೆ ಅದು ಮೆಚ್ಚುಗೆ ಅನ್ನಿಸಿರಬೇಕು. “ಎಲ್ಲಾರ್ದೂ ಉಜ್ಜಿದೀನಿ,” ಅಂತ ಸೇರಿಸಿದಳು. ಕೈಯಲ್ಲಿದ್ದ ಬ್ರಷ್ಷು ನನ್ನದು.

ಅದನ್ನು ಆಮೇಲೆ ನೋಡಿಕೊಳ್ಳೋಣ ಅಂತ ಬೈಗುಳ ನುಂಗಿಕೊಂಡೆ. ಬೈಯುವುದಾದರೂ ಯಾರನ್ನು? ಅವಳು ನಾನು ಹೇಳಿಕೊಟ್ಟದ್ದಕ್ಕಿಂತ ಒಂದಿಷ್ಟೂ ಆಚೀಚೆ ಮಾಡಿರಲಿಲ್ಲ. ಗಡಿಯಾರ ನೋಡಿದೆ. ಅತ್ತೆ ಬರುವುದಕ್ಕೆ ಇನ್ನು ಸ್ವಲ್ಪವೇ ಹೊತ್ತು. ಹೆಂಡತಿಗೆ ಫೋನ್ ಮಾಡಿ ಒಪ್ಪಿಕೊಳ್ಳಬಹುದಿತ್ತು. ಮಾಡಿದರೆ ಮನೆಪಾಠ ಅಲ್ಲಿಗೆ ಮುಗಿಯಿತು, ನಾಳೆ ಬೆಳಗ್ಗೆಯೇ ಬುಗುರಿ ಶಾಲೆಗೆ. ನನ್ನ ಹಗಲು ಹೋಯಿತು. ಬೇಡ, ನಾನೇ ಜೋಡಿಸಿಬಿಡುತ್ತೇನೆ ಅಂತ ಕೂತೆ. ಹಲ್ಲು ತಾನೇ. ಮೂವತ್ತೆರಡು ನನ್ನ ಬಾಯಲ್ಲೇ ಇವೆಯಲ್ಲ.

ಕೂತು ನೋಡಿದರೆ ಎಲ್ಲವೂ ಒಂದೇ ಥರ. ಮದುವೆಯಾಗಿ ಇಷ್ಟು ವರ್ಷ ಇವುಗಳ ಪಕ್ಕದಲ್ಲೇ ಊಟ ಮಾಡಿದ್ದೇನೆ, ಒಂದನ್ನೂ ಕಣ್ಣಿಟ್ಟು ನೋಡಿರಲಿಲ್ಲ.

“ಅಪ್ಪಾ, ಹಲ್ಲಿನ ಮನೆ,” ಅಂದಳು ಬುಗುರಿ, ಗೋಡೆ ಕಪಾಟಿನ ಕಡೆ ಬೆರಳು ತೋರಿಸಿ.

“ಹೂಂ ಹೂಂ, ಮನೆ ಆಟ ಆಮೇಲೆ.”

“ಅಲ್ಲಪ್ಪಾ, ಅವರವರ ಮನೇಲಿ...”

“ಪುಟ್ಟಾ, ಅಪ್ಪ ಕೆಲಸ ಮಾಡ್ತಿದಾನೆ. ಕೆಂಪು ಸಿಗ್ನಲ್.” ಪಾಪ, ಬಾಯಿ ಮುಚ್ಚಿಕೊಂಡಳು.

ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು ಅಂತ ಕಣ್ಣಳತೆಯಲ್ಲಿ ಜೋಡಿಸಿದೆ. ಅತ್ತೆಯ ಬಟ್ಟಲಿಗೆ ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿ ಹಾಕಿದೆ. ಅವರ ದನಿಯ ಮೇಲೆ ಲೆಕ್ಕ ಹಾಕಿದ್ದು. ಕೊನೆಯ ಬಟ್ಟಲಿನ ಮುಚ್ಚಳ ಹಾಕುವುದಕ್ಕೂ ಕರೆಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಅತ್ತೆ ಬಂದವರು ಕೂರಲಿಲ್ಲ. ಕೈಚೀಲದಿಂದ ಒಂದು ಕೆಂಪು ಸೇಬು ತೆಗೆದು ಮೇಜಿನ ಮೇಲಿಟ್ಟರು.

“ಅಳಿಯಂದ್ರೇ, ಪರೀಕ್ಷೆ ಆಮೇಲೆ. ಮೊದಲು ನನ್ನ ಹಲ್ಲು ಕೊಡಿ,” ಅಂದರು. ಹಲ್ಲಿಲ್ಲದ ಬಾಯಲ್ಲೂ ಅದು ಆಜ್ಞೆಯ ಹಾಗೇ ಕೇಳಿಸಿತು.

“ಅವಳು ಬಂದ್ಬಿಡ್ಲಿ ಅತ್ತೆ, ಅವಳ ಕೈಯಿಂದಲೇ...”

ಅತ್ತೆ ಕೆಮ್ಮಿದರು. ನಾನು ಬಟ್ಟಲು ತಂದುಕೊಟ್ಟೆ.

ಮೇಲಿನದು ಹೇಗೋ ಒಳಗೆ ಹೋಯಿತು. ಕೆಳಗಿನದು ಹೋಗುವಾಗ ಅವರ ಹುಬ್ಬು ಹಣೆಗೆ ಏರಿತು. ಆಮೇಲೆ ಬಾಯಿ ಪೂರ್ತಿ ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಹೊರಗೆ ಎರಡು ಸಾಲು ಹಲ್ಲು, ಮೇಲೆ ಎರಡು ಕಣ್ಣು. ನನ್ನ ಅತ್ತೆ ನನ್ನನ್ನು ನೋಡಿ ಅಷ್ಟು ಅಗಲಕ್ಕೆ ನಕ್ಕಿದ್ದು ಅದೇ ಮೊದಲು.

“ಹೊಸ ಹಲ್ಲು ಅತ್ತೆ. ಹೊಸ ಚಪ್ಪಲಿ ಇದ್ದ ಹಾಗೆ. ಎರಡು ದಿನ ಕಚ್ಚುತ್ತೆ, ಆಮೇಲೆ ಸರಿಹೋಗುತ್ತೆ,” ಅಂದೆ.

“ಹೂಂ... ಹೂಂ...” ಅಂದರು ಅತ್ತೆ. ಆ ಬಾಯಲ್ಲಿ ಬೇರೇನೂ ಹೊರಡುವ ಹಾಗಿರಲಿಲ್ಲ.

ದುರಾಸೆ ಎಂಥದ್ದು ನೋಡಿ. ಅತ್ತೆ ನೋವಿಗೆ ಕಣ್ಣೀರು ಸುರಿಸುತ್ತಾ ನಿಂತಿದ್ದಾರೆ, ನನ್ನ ತಲೆಯಲ್ಲಿ ಮಾತ್ರ, ಅತ್ತೆ ಹೂಂ ಅಂದರೆ ಮನೆ ಅಂತ ತಾನೇ ಒಪ್ಪಂದ ಅನ್ನುವ ಲೆಕ್ಕ ಓಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದರೊಳಗೆ ಹೆಂಡತಿ ಒಳಗೆ ಬಂದಳು.

ಅಮ್ಮನ ಮುಖ ನೋಡಿದಳು. ಚೀಲ ಕೆಳಗಿಟ್ಟಳು.

“ಇದು ಅಮ್ಮನ ಹಲ್ಲಲ್ಲ,” ಅಂದಳು.

“ಬೆಳಕಲ್ಲಿ ಸ್ವಲ್ಪ ಬೇರೆ ಥರ ಕಾಣುತ್ತೆ ಕಣೇ...”

“ರೀ, ಇದನ್ನ ಮಾಡಿದೋಳು ನಾನು.”

ಅತ್ತೆ ಬಾಯಿಗೆ ಕರವಸ್ತ್ರ ಹಿಡಿದು ಹಲ್ಲು ಹೊರಗೆ ತೆಗೆದು, ಉಸಿರು ಬಿಟ್ಟು, ಬಹಳ ಮೆಲ್ಲಗೆ ಕೇಳಿದರು. “ಯಾರು ಮಾಡಿದ್ದು ಈ ಕೆಲಸ?”

ನಾನು ಕಿಟಕಿ ನೋಡಿದೆ. ಬುಗುರಿ ಕೈಯೆತ್ತಿದಳು.

“ನಾನೇ ಅಜ್ಜಿ. ಎಲ್ಲಾ ಹಲ್ಲೂ ಉಜ್ಜಿ, ಮೇಲಿಂದು ಮಗ್ಗಲ್ಲಿ, ಕೆಳಗಿಂದು ಡಬ್ಬೀಲಿ ಹಾಕ್ದೆ. ಅಪ್ಪ ಮತ್ತೆ ಬೆರಕೆ ಮಾಡಿದ್ರು.”

ಮುಗಿಯಿತು ಅಂದುಕೊಂಡೆ. ನಾಳೆ ಈ ಹೊತ್ತಿಗೆ ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ, ಸೈಕಲ್ಲು ಮೂಲೆಯಲ್ಲಿ ನಿಂತಿರುತ್ತೆ ಅಂತ ಕಣ್ಣಿಗೆ ಕಟ್ಟಿತು. ಅದಕ್ಕೇ ಇರಬೇಕು, ಇಷ್ಟು ದಿನ ಹೇಳದ್ದೆಲ್ಲ ಬಾಯಿಗೆ ಬಂದುಬಿಟ್ಟಿತು.

“ಮಗೂದು ತಪ್ಪಿಲ್ಲ ಅತ್ತೆ. ನಾನು ಹೇಳಿಕೊಟ್ಟಿದ್ದನ್ನೇ ಮಾಡಿದ್ಲು. ನಾನು ಮುಚ್ಚಿಡೋಕೆ ಹೋದೆ. ಅವಳು ಶಾಲೆಗೆ ಹೋದ್ರೆ ನಾನು ಅವಳನ್ನ ನೋಡೋದು ಯಾವಾಗ? ಅದಕ್ಕೇ ಇಷ್ಟೆಲ್ಲಾ.”

ಹೆಂಡತಿ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, “ಡಾಕ್ಟರ ಕಡೆಯವರು ಬರೋಷ್ಟರಲ್ಲಿ ಜೋಡಿಸ್ಬೇಕು. ಬುಗುರೀ, ಹಲ್ಲಿನ ಮನೆ ತಗೊಂಡು ಬಾ,” ಅಂದಳು.

ಬುಗುರಿ ಗೋಡೆ ಕಪಾಟಿನಿಂದ ಬಿಳಿ ಪ್ಲಾಸ್ಟರಿನ ಅಚ್ಚುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಹಿಡಿದು ತಂದಳು. ಒಬ್ಬೊಬ್ಬರ ವಸಡಿನದೂ ಒಂದೊಂದು ಅಚ್ಚು, ಕೆಳಗೆ ಹೆಸರು. ಯಾವ ಹಲ್ಲು ಯಾರದೋ ಅವರ ಅಚ್ಚಿನ ಮೇಲೆ ಮಾತ್ರ ಸರಿಯಾಗಿ ಕೂರುತ್ತದಂತೆ. ನಾನು ಅವನ್ನು ಇಷ್ಟು ವರ್ಷ ಕಾಗದ ಹಾರದ ಹಾಗೆ ಇಡುವ ತೂಕ ಅಂದುಕೊಂಡಿದ್ದೆ.

ಅಜ್ಜಿ, ಮಗಳು, ಮೊಮ್ಮಗಳು ಮೇಜಿನ ಸುತ್ತ ಕೂತರು. ಬುಗುರಿ ಒಂದು ಹಲ್ಲಿನ ಸಾಲು ಎತ್ತಿ ಒಂದು ಅಚ್ಚಿನ ಮೇಲಿಡುವಳು. “ಇದು ಅಲ್ಲಾಡ್ತಿದೆ. ಇವರ ಮನೆ ಅಲ್ಲ.” ಇನ್ನೊಂದರ ಮೇಲಿಡುವಳು. “ಇದು ಕೂತ್ಕೊಳ್ತು.” ಹೆಂಡತಿ ಒತ್ತಿ ನೋಡಿ, ತಿರುಗಿಸಿ ನೋಡಿ, ಹೂಂ ಅಂತ ಮತ್ತೆ ತೊಳೆದು ಬಟ್ಟಲಿಗಿಡುವಳು. ಆಟಕ್ಕೆ ಆಟ, ಕೆಲಸಕ್ಕೆ ಕೆಲಸ. ಒಂದು ತಿಂಗಳಿಂದ ನಾನು ಬಾಯಿ ಬಡಿದುಕೊಂಡದ್ದು ಇದನ್ನೇ. ನನಗೂ ಒಂದು ಕೊಡಿ ಅಂತ ಕೈ ಚಾಚಿದೆ. ಅತ್ತೆ ಕೆಮ್ಮಿದರು. ಕೈ ಹಿಂದಕ್ಕೆ ತಗೊಂಡೆ.

ಡಾಕ್ಟರ ಕಡೆಯವರು ಬಂದು ತಮ್ಮ ಐದು ಬಟ್ಟಲು ತೆಗೆದುಕೊಂಡು ಹೋದರು. ಅತ್ತೆ ತಮ್ಮ ಹಲ್ಲು ಹಾಕಿಕೊಂಡರು, ಬಾಯಿ ತೆರೆದು ಮುಚ್ಚಿ ನೋಡಿದರು, ಸೇಬು ಎತ್ತಿ ಕಚ್ಚಿದರು. ಕರಕ್ ಅಂದಿತು. ನಿಧಾನವಾಗಿ ಅಗಿದು, ನುಂಗಿ, ತೀರ್ಪು ಕೊಟ್ಟರು.

“ಮಗು ಇನ್ನೊಂದು ವರ್ಷ ಮನೇಲೇ ಇರಲಿ. ಯಾರು ಮಾಡಿದ್ದು ಅಂದ್ರೆ ನಾನೇ ಅಂತ ಕೈಯೆತ್ತಿದ್ಲು. ಕೆಡಿಸಿದ್ದನ್ನ ಕೂತು ಸರಿಮಾಡಿದ್ಲು. ನಾಲ್ಕು ವರ್ಷಕ್ಕೆ ಇಷ್ಟು ಸಾಕು. ಅಕ್ಷರ ಎಲ್ಲಿಗೂ ಓಡಿಹೋಗಲ್ಲ.”

ನನಗೆ ಕುಣಿಯುವ ಹಾಗಾಯಿತು. “ಹಾಗಾದ್ರೆ ನನ್ನ ಪಾಠ ಪಾಸಾಯ್ತು ಅನ್ನಿ ಅತ್ತೆ.”

“ಮಗು ಪಾಸು ಅಂದೆ. ಮೇಷ್ಟ್ರ ವಿಷಯ ನಾನೆಲ್ಲಿ ಹೇಳಿದೆ?”

“ನಾಳೆಯಿಂದ ಮಧ್ಯಾಹ್ನ ಇಬ್ಬರೂ ಹಿಂದಿನ ಕೋಣೆಗೆ ಬನ್ನಿ. ಬುಗುರಿ ನನ್ನ ಜೊತೆ ಕೂರ್ತಾಳೆ. ನೀವು ಬಟ್ಟಲು ತೊಳೀರಿ. ಒಂದು ವರ್ಷ ನೋಡೋಣ,” ಅಂದಳು ಹೆಂಡತಿ. ತುಟಿ ಬಿಗಿ ಹಿಡಿದಿದ್ದಳು, ಕಣ್ಣು ಮಾತ್ರ ನಗುತ್ತಿತ್ತು. ಅತ್ತೆ ಎದ್ದು ಹೋಗಿ ಸೈಕಲ್ಲಿನ ಹಿಂದಿದ್ದ ಎಲ್ ಕಾಗದವನ್ನು ಹುಷಾರಾಗಿ ಬಿಡಿಸಿ ಮೊಮ್ಮಗಳ ಕೈಗೆ ಕೊಟ್ಟರು. ಕಲಿತಾಯಿತಲ್ಲ ಅಂತ.

ಸಂಜೆಯ ಕ್ಲಾಸಿಗೆ ಹೊರಟೆ. ಬಾಗಿಲಲ್ಲಿ ಕೂತು ಶೂ ಕಟ್ಟಿಕೊಳ್ಳುವಾಗ ಬುಗುರಿ ಹಿಂದಿನಿಂದ ಬಂದು ತಬ್ಬಿಕೊಂಡಳು. ಆಮೇಲೆ ಸುಮಾರು ಹೊತ್ತು ನನ್ನ ಬೆನ್ನು ತಟ್ಟಿದಳು. ಅಂಗೈಯಿಂದ ಒತ್ತಿ ಒತ್ತಿ ತಟ್ಟಿದಳು. ಇಡೀ ಮನೆಯಲ್ಲಿ ನನ್ನ ಬೆನ್ನು ತಟ್ಟಲು ಇವಳೊಬ್ಬಳಾದರೂ ಇದ್ದಾಳಲ್ಲ ಅಂತ ಮನಸ್ಸು ತುಂಬಿ ಬಂತು.

ರಸ್ತೆಗಿಳಿದರೆ ಅವತ್ತು ಎಲ್ಲರೂ ದಾರಿ ಬಿಡುವವರೇ. ಸೈಕಲ್ಲಿನವರು ಪಕ್ಕಕ್ಕೆ ಸರಿದರು. ಹಿಂದಿನಿಂದ ಬಂದ ಆಟೋ ಹಾರ್ನ್ ಮಾಡದೆ, ನಾನು ದಾಟುವವರೆಗೆ ತಾಳ್ಮೆಯಿಂದ ನಿಂತಿತು. ಗೆದ್ದವನ ನಡಿಗೆಯೇ ಬೇರೆ, ಜನಕ್ಕೆ ಗೊತ್ತಾಗುತ್ತೆ ಅಂತ ಬೀಗಿಕೊಂಡು ಡ್ರೈವಿಂಗ್ ಶಾಲೆ ತಲುಪಿದೆ. ಬ್ಯಾಂಕಿನ ಮೇಡಂ ಕಾರಿನ ಹತ್ತಿರ ಕಾಯುತ್ತಿದ್ದರು. ಬಾಗಿಲು ತೆಗೆಯಲು ನಾನು ಆ ಕಡೆ ತಿರುಗಿದೆ.

“ಸರ್,” ಅಂದರು ಹಿಂದಿನಿಂದ, ಬಹಳ ವಿನಯವಾಗಿ. “ಇವತ್ತು ನಿಮ್ಮ ಸೀಟಲ್ಲಿ ನಾನು ಕೂತು ಬ್ರೇಕ್ ಒತ್ತಬೇಕಾ?”

ಕೈ ಬೆನ್ನಿಗೆ ಹೋಯಿತು. ಎಲ್ ಕಾಗದ ಸಿಕ್ಕಿತು. ಅಂಚಿನಲ್ಲಿ ಇನ್ನೂ ಸೈಕಲ್ಲಿನ ಧೂಳಿತ್ತು.

“ಕಿತ್ತು ಕೊಡ್ಲಾ ಸರ್?”

“ಬೇಡ ಮೇಡಂ, ಇರಲಿ. ನನ್ನ ಪರೀಕ್ಷೆಗೆ ಇನ್ನೂ ಒಂದು ವರ್ಷ ಇದೆ.”